ಮೂರನೆಯ ಪ್ರಶ್ನೆ

"ಹೌದು ಅಂತ ಬರೆದು ಮುಗಿಸಮ್ಮಾ, ಲಾರಿ ನಿಂತಿದೆ," ಎಂದು ಮೇಷ್ಟ್ರು ಅವಳ ಕುರ್ಚಿಯ ಹಿಂದೆ ಬಂದು ನಿಂತರು. ಕಿಟಕಿಯ ಕೆಳಗೆ ಔಷಧಿ ಪೆಟ್ಟಿಗೆಗಳನ್ನು ಹೇರಿಕೊಂಡ ಲಾರಿ ನಿಜಕ್ಕೂ ನಿಂತಿತ್ತು. ಡ್ರೈವರ್ ಆಗಲೇ ಹಾರ್ನ್ ಒತ್ತಿ ತನ್ನ ಅಭಿಪ್ರಾಯ ತಿಳಿಸಿದ್ದ. ಬೆಟ್ಟದ ಮೇಲೆ ಹೊಸದಾಗಿ ತೆರೆದ ಗೋದಾಮಿಗೆ ಇದು ಮೊದಲ ಲೋಡು. ಕಂಪ್ಯೂಟರ್ ಒಪ್ಪದೆ ಗೇಟ್ ಪಾಸ್ ಬರುವುದಿಲ್ಲ, ಕಂಪ್ಯೂಟರ್ ಒಪ್ಪುತ್ತಿಲ್ಲ.

ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ. ಔಷಧಿ ಹಂಚುವ ಆ ಕಂಪನಿಯ ಪ್ರೋಗ್ರಾಮಿಂಗ್ ವಿಭಾಗದ ಮುಖ್ಯಸ್ಥರು. ಅಲ್ಲಿದ್ದವರಿಗೆಲ್ಲ ಕೆಲಸ ಕಲಿಸಿದ್ದರಿಂದ ಆ ಹೆಸರು. ಅವರ ಪಾಠ ಸುಲಭ: ಹೊಸ ಗೋದಾಮು ಬಂದರೆ ಹಳೆಯದರ ಪ್ರೋಗ್ರಾಮನ್ನು ನಕಲು ಮಾಡು, ಹೆಸರು ಬದಲಿಸು, ಮನೆಗೆ ಹೋಗು. ಹೊಸದಾಗಿ ಸೇರಿದ ಅವಳು ಇದಕ್ಕೇ ತಗಾದೆ ತೆಗೆದಳು. ನಿಯಮ ಬದಲಾದಾಗಲೆಲ್ಲ ಅಷ್ಟೂ ನಕಲುಗಳನ್ನು ತಿದ್ದಬೇಕು, ಯಾವುದಾದರೊಂದು ಕೈತಪ್ಪಿ ಹೋಗುತ್ತದೆ. ವ್ಯಾಪಾರದ ಲೆಕ್ಕಕ್ಕೆಂದೇ ಹುಟ್ಟಿದ ಈ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಈಗ ಕ್ಲಾಸ್ ಎಂಬ ಸೌಲಭ್ಯ ಬಂದಿದೆಯಲ್ಲ? ಎಲ್ಲ ಗೋದಾಮಿಗೂ ಸಮಾನವಾದ ಕೆಲಸವನ್ನು ಒಂದು ಕ್ಲಾಸ್‌ನಲ್ಲಿ ಒಮ್ಮೆ ಬರೆದಿಡೋಣ. ಒಂದೊಂದು ಕಡೆ ಒಂದೊಂದು ಥರ ಇರುವುದನ್ನು ಇಂಟರ್‌ಫೇಸ್ ಎಂಬ ಪಟ್ಟಿಯಲ್ಲಿ ಪ್ರಶ್ನೆಗಳಾಗಿ ಇಡೋಣ. ಪ್ರತಿ ಗೋದಾಮೂ ಅವಕ್ಕೆ ಉತ್ತರ ಕೊಡಲೇಬೇಕು. ಒಂದನ್ನು ಬಿಟ್ಟರೂ ಪ್ರೋಗ್ರಾಮ್ ಹೆಜ್ಜೆ ಎತ್ತಿಡುವುದಿಲ್ಲ. ಇಷ್ಟು ಕೇಳಿದ ಮೇಷ್ಟ್ರು ಅವಳಿಗೆ 'ಪ್ರಶ್ನೆಪತ್ರಿಕೆ' ಎಂದು ನಾಮಕರಣ ಮಾಡಿದರು. ಆದರೂ ಮನುಷ್ಯ ಒಳ್ಳೆಯವರೇ.

"ಬೆಟ್ಟದ ಗೋದಾಮು ನಿನಗೆ ಬಿಟ್ಟೆ. ಲಾರಿ ಮಧ್ಯಾಹ್ನದೊಳಗೆ ಹೊರಟ್ರೆ ಮಿಕ್ಕಿದ್ದೆಲ್ಲಾ ನಿನ್ನ ದಾರಿಗೇ ತರೋಣ. ಹೊರಡ್ಲಿಲ್ವಾ, ಈ ಮಾತು ಮತ್ತೆ ಎತ್ತಬಾರದು," ಎಂದಿದ್ದರು.

ಪ್ರಶ್ನೆಗಳು ಇದ್ದದ್ದೇ ಮೂರು. ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು? ಬರೆದಿದ್ದಳು. ಸರಕು ಇಳಿಸಿಕೊಳ್ಳುವ ವೇಳೆ ಯಾವುದು? ಬರೆದಿದ್ದಳು. ತಂಪಿನಲ್ಲಿಡಬೇಕಾದ ಔಷಧಿಗೆ ಅಲ್ಲಿ ವ್ಯವಸ್ಥೆ ಇದೆಯೇ? ಪರದೆಯ ಕೆಂಪು ಗೆರೆ ಅಲ್ಲೇ ಹಟ ಹಿಡಿದು ಕೂತಿತ್ತು.

"ನಿಮ್ಮ ಹಳೇ ಪ್ರೋಗ್ರಾಮ್‌ಗಳಲ್ಲಿ ಇದಕ್ಕೆ ಏನು ಬರೆದಿದ್ದೀರಾ ಸಾರ್?"

"ಎಲ್ಲದರಲ್ಲೂ ಹೌದು ಅಂತಾನೇ ಇದೆ."

"ಯಾರನ್ನ ಕೇಳಿ ಬರೆದ್ರಿ?"

"ಕೇಳೋದೇನು ಬಂತು? ಮೊದಲನೇ ಗೋದಾಮು ಈ ಕಟ್ಟಡದ ಹಿಂದೇನೇ ಇದೆ. ಕೋಲ್ಡ್ ರೂಮಿನ ಬಾಗಿಲು ನನ್ನ ಕಿಟಕಿಗೆ ಕಾಣುತ್ತೆ. ಕಣ್ಣಾರೆ ನೋಡಿ ಹೌದು ಅಂತ ಬರೆದೆ. ಆಮೇಲಿಂದು..." ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

ಆಮೇಲಿನದು ಹೇಳಬೇಕಾಗಿರಲಿಲ್ಲ. ಒಂದು ಗೋದಾಮನ್ನು ನೋಡಿ ಬರೆದ 'ಹೌದು', ನಕಲಿನ ಮೇಲೆ ನಕಲಾಗಿ, ಈ ಕೋಣೆಯ ಯಾರೂ ನೋಡದ ಊರುಗಳಿಗೆಲ್ಲ ಹೋಗಿ ಕೂತಿತ್ತು. ಅವಳ ಬೆರಳು ಕೀಬೋರ್ಡಿನ ಮೇಲೇ ಇತ್ತು. ಇನ್ನೂ ಒಂದು ಹೌದು ಒತ್ತಿದರೆ ಗೆರೆ ಮಾಯವಾಗುತ್ತದೆ, ಲಾರಿ ಹೊರಡುತ್ತದೆ, ಅವಳು ಗೆಲ್ಲುತ್ತಾಳೆ. ಆಸೆಯಾಯಿತು, ಸುಳ್ಳೇಕೆ ಹೇಳಬೇಕು. ಆದರೆ ಉತ್ತರ ಗೊತ್ತಿಲ್ಲದೆ ಹೌದು ಅನ್ನುವುದಾದರೆ ಪ್ರಶ್ನೆ ಇಟ್ಟದ್ದು ಯಾವ ಚಂದಕ್ಕೆ? ಅವಳು ಫೋನ್ ಎತ್ತಿದಳು.

ಬೆಟ್ಟದ ಗೋದಾಮು ನೋಡಿಕೊಳ್ಳುವ ಹೆಂಗಸಿನ ಧ್ವನಿ ಇಡೀ ಕೋಣೆಗೆ ಕೇಳುವಷ್ಟು ದೊಡ್ಡದು. "ಲಾರಿ ಹೊರಟಿತಾ?"

"ಇನ್ನೇನು ಹೊರಡುತ್ತೆ ಅಕ್ಕಾ. ಅಲ್ಲಿ ಫ್ರಿಜ್ ಓಡ್ತಾ ಇದೆಯಾ?"

"ಫ್ರಿಜ್ ಏನೋ ಬಂದಿದೆ. ಅದರ ಪ್ಲಗ್ ದಪ್ಪ, ನಮ್ಮ ಗೋಡೇಲಿರೋದು ಚಿಕ್ಕ ಸಾಕೆಟ್. ಸುಮ್ನೆ ನಿಂತಿದೆಯಲ್ಲಾ ಅಂತ ಮೇಲೊಂದು ಹೂವಿನ ಕುಂಡ ಇಟ್ಟಿದ್ದೀನಿ."

"ಅಯ್ಯೋ, ಮೊದಲೇ ಹೇಳ್ಬಾರ್ದಿತ್ತಾ?"

"ಯಾರಾದ್ರೂ ಕೇಳಿದ್ರೆ ತಾನೇ ಹೇಳೋದು? ನಾಳೆ ಎಲೆಕ್ಟ್ರಿಷಿಯನ್ ಬರ್ತಾನೆ ಬಿಡು. ಅಲ್ಲಾ, ಇವತ್ತೇ ಇನ್ಸುಲಿನ್ ಕಳಿಸ್ತಿದ್ದೀರಾ? ಬಂದ್ರೆ ಎಲ್ಲಿ ಇಡ್ಲಿ, ನನ್ನ ತಲೆ ಮೇಲಾ?"

ಅವಳು ಮೂರನೆಯ ಪ್ರಶ್ನೆಗೆ 'ಇಲ್ಲ' ಎಂದು ಬರೆದಳು. ಕೆಂಪು ಗೆರೆ ತಟ್ಟನೆ ಹೋಯಿತು. ಅದಕ್ಕೆ ಹೌದೇ ಆಗಬೇಕೆಂದೇನೂ ಇರಲಿಲ್ಲ, ಉತ್ತರ ಬೇಕಿತ್ತು ಅಷ್ಟೆ. ಇಲ್ಲ ಎಂದರೆ ಮುಂದೇನು ಮಾಡಬೇಕೆಂಬುದು ಎಲ್ಲರಿಗೂ ಸಮಾನವಾದ ಆ ಕ್ಲಾಸ್‌ಗೆ ಗೊತ್ತಿತ್ತು. ಇನ್ಸುಲಿನ್ ಪೆಟ್ಟಿಗೆಗಳನ್ನು ಲೋಡಿನ ಪಟ್ಟಿಯಿಂದ ತೆಗೆದು, ಉಳಿದದ್ದಕ್ಕೆ ಗೇಟ್ ಪಾಸ್ ಕೊಟ್ಟಿತು.

"ಪ್ಲಗ್ ಸರಿಹೋದ ತಕ್ಷಣ ಫೋನ್ ಮಾಡಿ ಅಕ್ಕಾ. 'ಇಲ್ಲ' ತೆಗೆದು 'ಹೌದು' ಮಾಡ್ತೀನಿ, ಇನ್ಸುಲಿನ್ ಹಿಂದೇನೇ ಬರುತ್ತೆ," ಎಂದು ಫೋನ್ ಇಟ್ಟಳು. ಕೆಳಗೆ ಆಳುಗಳು ಇನ್ಸುಲಿನ್ ಪೆಟ್ಟಿಗೆ ಇಳಿಸಿ ಹಿಂದಿನ ಕೋಲ್ಡ್ ರೂಮಿಗೆ ಒಯ್ದರು. ಊಟದ ಬೆಲ್ ಹೊಡೆಯುವ ಮೊದಲೇ ಲಾರಿ ಗೇಟು ದಾಟಿತು. ಗೆದ್ದ ಖುಷಿಗೆ ಅವಳಿಗೆ ಕುಣಿಯಬೇಕೆನಿಸಿತು. ಮೇಷ್ಟ್ರ ಮುಖ ಹೇಗಿದೆಯೋ ಎಂದು ಅಳುಕುತ್ತಲೇ ಹಿಂತಿರುಗಿದಳು.

ಅವರು ಅಲ್ಲಿರಲಿಲ್ಲ. ಆಗಲೇ ತಮ್ಮ ಮೇಜಿಗೆ ಹೋಗಿ, ಅಂಗಿಯ ತೋಳು ಮಡಚಿ, ತಮ್ಮ ಹಳೆಯ ಪ್ರೋಗ್ರಾಮ್‌ಗಳನ್ನು ಒಂದೊಂದಾಗಿ ಪರದೆಯ ಮೇಲೆ ಹರವಿಕೊಂಡಿದ್ದರು.

"ನೋಡಮ್ಮಾ, ಆ ಪ್ರಶ್ನೆಪತ್ರಿಕೆ ನನಗೂ ಒಂದು ಕೊಡು," ಎಂದರು.

ಅವಳು ತೋರಿಸಿಕೊಟ್ಟಂತೆ ಎರಡನೆಯ ಗೋದಾಮಿನ ಪ್ರೋಗ್ರಾಮ್‌ಗೆ ಇಂಟರ್‌ಫೇಸ್ ಜೋಡಿಸಿ, ತಮ್ಮ ಹಳೆಯ ಹೌದನ್ನು ತಮ್ಮ ಕೈಯಾರೆ ಅಳಿಸಿದರು. ಪರದೆ ಕೆಂಪಾಯಿತು. ಮೇಷ್ಟ್ರು ಫೋನ್ ಹತ್ತಿರಕ್ಕೆ ಎಳೆದುಕೊಂಡರು.

"ನಮಸ್ಕಾರ, ಹೆಡ್ ಆಫೀಸಿಂದ. ಇಲ್ಲ ಇಲ್ಲ, ತೊಂದರೆ ಏನಿಲ್ಲ. ನಿಮ್ಮನ್ನ ಒಂದು ಮಾತು ಕೇಳೋದು ಬಾಕಿ ಇತ್ತು."