ಏಳಕ್ಕೆ ಐದು ಕೂಡಿಸಿದರೆ

ಆನ್‌ಲೈನ್ ಗಣಿತ ಪರೀಕ್ಷೆಯಲ್ಲಿ ನಲವತ್ತು ಲೆಕ್ಕವನ್ನೂ ಸರಿಯಾಗಿ ಬಿಡಿಸಿದ್ದ ಸುಗುಣಾಳಿಗೆ ಬಂದದ್ದು ದುಂಡನೆಯ ಸೊನ್ನೆ.

“ಕನ್ನಡ ಮಾಧ್ಯಮ ಅಂತ ಒತ್ತಿದ್ದೀಯಲ್ಲಮ್ಮ, ಅಂಕಿಗಳೂ ಕನ್ನಡದಲ್ಲೇ ಬಿದ್ದಿವೆ. ಈ ಕಂಪ್ಯೂಟರ್‌ಗೆ 7 ಗೊತ್ತು, ೭ ಗೊತ್ತಿಲ್ಲ,” ಎಂದರು ಪರೀಕ್ಷಾ ಕೇಂದ್ರದ ಮೇಲ್ವಿಚಾರಕರು.

“ನಿಮಗೆ ಗೊತ್ತಲ್ಲ ಸಾರ್. ನೀವೇ ತಿದ್ದಿ.”

“ನನ್ನ ಕೈಲೇನಿದೆ? ಅದರಲ್ಲೇ ದೂರು ಕೊಡು. ಐದು ಗಂಟೆಗೆ ಮುಚ್ಚಿಬಿಡುತ್ತೆ.”

ಎರಡೇ ನಿಮಿಷ ಉಳಿದಿತ್ತು. ಸುಗುಣಾ ಗಡಿಬಿಡಿಯಲ್ಲಿ ದೂರು ಟೈಪ್ ಮಾಡಿ ಕಳುಹಿಸಲು ಒತ್ತಿದಳು. ಪರದೆ ಕೇಳಿತು: ‘ನೀವು ಮನುಷ್ಯರೆಂದು ಖಚಿತಪಡಿಸಿ. ಏಳಕ್ಕೆ ಐದು ಕೂಡಿಸಿದರೆ ಎಷ್ಟು?’

ಒತ್ತಿದಳು. ೧೨ ಎಂದು ಮೂಡಿತು. ಅಳಿಸಿ ಮತ್ತೆ ಒತ್ತಿದಳು. ಮತ್ತೆ ೧೨.

‘ಕ್ಷಮಿಸಿ, ನೀವು ಮನುಷ್ಯರಲ್ಲ.’