ಹಡಗಿನ ನಾಲ್ಕನೆಯ ಬಿಲ್ಲೆ

ಬಾಗಿಲು ತೆರೆದಾಗ ಹೊರಗೆ ನಿಂತಿದ್ದವಳನ್ನು ಏನೆಂದು ಕರೆಯಬೇಕೋ ಕನ್ನಡಕದಂಗಡಿಯವಳಿಗೆ ತಿಳಿಯಲಿಲ್ಲ. ಸವತಿ ಎನ್ನೋಣವೆಂದರೆ, ಆಕೆ ಇವಳ ಗಂಡನ ಕೈಹಿಡಿದದ್ದು ಇವಳು ಅವನನ್ನು ಬಿಟ್ಟು ಬಂದು ಎಷ್ಟೋ ವರ್ಷಗಳಾದ ಮೇಲೆ. ನೆಂಟಳು ಎನ್ನೋಣವೆಂದರೆ ಆ ನಂಟಿಗೆ ಹೆಸರೇ ಇಲ್ಲ. ಬಂದವಳೇ ಆ ಕಷ್ಟ ತಪ್ಪಿಸಿದಳು. "ಅಕ್ಕಾ, ಒಳಗೆ ಬರ್ಲಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಚಪ್ಪಲಿ ಬಿಟ್ಟಳು. ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು. ಬಟ್ಟೆಗೆ ಇನ್ನೂ ಔಷಧಿಯ ವಾಸನೆ ಅಂಟಿಕೊಂಡಿತ್ತು.

ಚೀಲದಿಂದ ಟವೆಲಿನಲ್ಲಿ ಸುತ್ತಿದ ಏನನ್ನೋ ತೆಗೆದು, ಹಸುಗೂಸನ್ನು ಮಲಗಿಸುವಂತೆ ಮೇಜಿನ ಮೇಲಿಟ್ಟು ಬಿಚ್ಚಿದಳು. ಅಂಗೈಗಿಂತ ತುಸು ದೊಡ್ಡದಾದ ಬಿಳಿ ಪಿಂಗಾಣಿ ಬಿಲ್ಲೆ, ಗೋಡೆಗೆ ಕೂರಿಸುವ ಚೌಕ ಟೈಲು. ಅದರ ಮೇಲೆ ನೀಲಿಯಲ್ಲಿ ಹಡಗೊಂದರ ಹಿಂಭಾಗ, ಕೆಳಗೆ ಒಂದಿಷ್ಟು ಅಲೆ. ಕನ್ನಡಕದಂಗಡಿಯವಳು ಮುಟ್ಟದೆಯೇ ಗುರುತು ಹಿಡಿದಳು.

ಡಚ್ಚರು ಎಂದೋ ಕೈಯಲ್ಲಿ ಚಿತ್ರ ಬರೆದು ಸುಟ್ಟ ಇಂಥ ಬಿಲ್ಲೆಗಳ ಹುಚ್ಚು ಆಗ ಇವಳಿಗೂ ಗಂಡನಿಗೂ ಇತ್ತು. ಹಳೇ ಮನೆ ಕೆಡವುವ ಸುದ್ದಿ ಬಂದರೆ ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದರು. ಈ ಹಡಗು ನಾಲ್ಕು ಬಿಲ್ಲೆ ಕೂಡಿದರೆ ಒಂದು ಚಿತ್ರ. ಮೂರು ಸಿಕ್ಕಿದ್ದವು. ನಾಲ್ಕನೆಯದು ಸಿಕ್ಕಿತೆಂದು ಅವನು ಹೊತ್ತು ತಂದ ವಾರವೇ ಸಂಸಾರ ಮುರಿಯಿತು. ಅದನ್ನು ಉಳಿದವುಗಳ ಪಕ್ಕ ಹಿಡಿದು ನೋಡುವ ಮನಸ್ಸು ಯಾರಿಗಿತ್ತು? ಪಾಲಾಗುವಾಗ ಒಂದಕ್ಕೂ ತಕರಾರು ತೆಗೆಯದ ಮನುಷ್ಯ, ಅಷ್ಟೂ ಬಿಲ್ಲೆಗಳನ್ನು ಇವಳಿಗೇ ಬಿಟ್ಟವನು, ಇದನ್ನು ಮಾತ್ರ ತನ್ನ ಹತ್ತಿರ ಇರಲಿ ಎಂದುಬಿಟ್ಟ. ಇವಳು ಬೇಡಿದಳು, ಬೈದಳು, ಊರವರ ಕೈಲಿ ಹೇಳಿಸಿದಳು. ಜಪ್ಪಯ್ಯ ಎಂದರೂ ಅವನು ಕೊಡಲಿಲ್ಲ. ತನ್ನ ಹಡಗು ಎಂದೂ ಪೂರ್ತಿಯಾಗಬಾರದೆಂಬ ಹೊಟ್ಟೆಕಿಚ್ಚು ಎಂದೇ ಅವಳು ನಂಬಿದಳು. ಹಾಗೆ ನಂಬಿದ್ದರಿಂದ ಅವನನ್ನು ಮನಸ್ಸಿನಿಂದ ಇಳಿಸುವುದೂ ಸುಲಭವಾಯಿತು.

ನರ್ಸಿನ ಸಂಕಟ ಬೇರೆ. ಗಂಡ ದಿನಾ ಸಂಜೆ ಕಿಟಕಿಯ ಹತ್ತಿರ ಕೂತು ಈ ತುಂಡನ್ನು ಒರೆಸುತ್ತಾನೆ, ನೋಡುತ್ತಾನೆ, ಮತ್ತೆ ಇಡುತ್ತಾನೆ. ಯಾಕೆಂದು ಕೇಳಿದರೆ ಸುಮ್ಮನೆ ಎನ್ನುತ್ತಾನೆ.

"ಸುಮ್ಮನೆ ಯಾರಾದ್ರೂ ಹಾಗೆ ನೋಡ್ತಾರಾ ಅಕ್ಕಾ? ಇದು ನಿಮ್ಮದು, ನಿಮ್ಮಲ್ಲೇ ಇರ್ಲಿ. ನನ್ನ ಮನೇಲಿ ಬೇಡ."

ಒರೆಸುವಾಗ ಕೈಜಾರಿ ಒಡೆಯಿತೆಂದು ಅವನಿಗೆ ಹೇಳುವುದು ಎಂದು ಆಗಲೇ ತೀರ್ಮಾನಿಸಿಕೊಂಡು ಬಂದಿದ್ದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಇಬ್ಬರೂ ಒಳಕೋಣೆಗೆ ಹೋದರು. ಗೋಡೆಯ ಮೇಲೆ ಮೂರು ಬಿಲ್ಲೆ. ಬಲಗಡೆ ಕೆಳಗೆ ಗಾರೆ ಕಾಣುವ ಖಾಲಿ ಚೌಕ. ಕನ್ನಡಕದಂಗಡಿಯವಳು ಉಸಿರು ಬಿಗಿಹಿಡಿದು ನಾಲ್ಕನೆಯದನ್ನು ಅಲ್ಲಿಗೆ ಒತ್ತಿ ಹಿಡಿದಳು. ಕೂತಿತು. ಆದರೆ ಅಲೆ ಅಲೆಯನ್ನು ಮುಟ್ಟಲಿಲ್ಲ, ಬೆರಳಗಲ ಮೇಲಿತ್ತು. ಹಾಯಿಯಿಂದ ಇಳಿದ ಹಗ್ಗ ಅಂಚಿನಲ್ಲಿ ಕಡಿದುಹೋಯಿತು. ಹತ್ತಿರ ಇಟ್ಟು ನೋಡಿದರೆ ನೀಲಿಯೂ ಒಂದಲ್ಲ. ಕನ್ನಡಕ ಒರೆಸಿ ನೋಡಿದಳು, ಭೂತಗನ್ನಡಿ ತಂದು ನೋಡಿದಳು. ಸಂಶಯವೇ ಇರಲಿಲ್ಲ. ಇದು ಬೇರೆ ಯಾವುದೋ ಹಡಗಿನದು.

"ಅವರಿಗೆ ಇದು ಗೊತ್ತಿತ್ತಾ?" ಎಂದಳು ನರ್ಸು.

ಕನ್ನಡಕದಂಗಡಿಯವಳು ಹಾಸಿಗೆಯ ತುದಿಯಲ್ಲಿ ಕೂತಳು. ಗೊತ್ತಿದ್ದರೆ, ಜೋಡಿಯಾಗದ ಬಿಲ್ಲೆಯನ್ನು ತನಗೆ ಕೊಟ್ಟು ಕೈತೊಳೆದುಕೊಳ್ಳದೆ, ಬೈಗುಳ ತಿಂದುಕೊಂಡು ಯಾಕೆ ಇಟ್ಟುಕೊಂಡ? ಗೊತ್ತಿರದಿದ್ದರೆ, ಇಷ್ಟು ದಿನ ಏನನ್ನು ಕಾಯುತ್ತಾ ಕೂತಿದ್ದ? ಒಂದು ಎಳೆ ಹಿಡಿದರೆ ಇನ್ನೊಂದು ಸಿಕ್ಕಾಗುತ್ತಿತ್ತು. ಹೊಟ್ಟೆಕಿಚ್ಚಿನವನೆಂದು ಗಟ್ಟಿಮಾಡಿ ಇಟ್ಟುಕೊಂಡಿದ್ದ ಮನುಷ್ಯ ಈಗ ಯಾವ ಮುಖ ಹೊತ್ತು ಕಣ್ಣೆದುರು ಬರಬೇಕೋ ತಿಳಿಯದೆ ನಿಂತುಬಿಟ್ಟ.

ಅಷ್ಟರಲ್ಲಿ ನರ್ಸಿನ ಫೋನು ಬಡಿದುಕೊಂಡಿತು. ಗಂಡನದೇ. ಸಣ್ಣ ಕೋಣೆ; ಅವನ ದನಿ ಇಬ್ಬರಿಗೂ ಕೇಳುತ್ತಿತ್ತು. ಸಿಟ್ಟಿರಲಿಲ್ಲ. ಕಿಟಕಿ ಹತ್ತಿರ ಬಿಲ್ಲೆ ಕಾಣುತ್ತಿಲ್ಲ, ಅವಳ ಹತ್ತಿರ ತಗೊಂಡು ಹೋದೆಯಾ ಎಂದು ಕೇಳಿದ. ಕಲಿತು ಬಂದಿದ್ದ ಸುಳ್ಳು ನರ್ಸಿನ ಬಾಯಿಗೆ ಬರಲಿಲ್ಲ. ಹೂಂ ಎಂದಳು.

ಅವನು ಮತ್ತೆ ಕೇಳಿದ:

"ಗೋಡೆಗೆ ಇಟ್ಟು ನೋಡಿದ್ಲಾ?"

ನರ್ಸು ತಲೆಯೆತ್ತಿದಳು. ಕನ್ನಡಕದಂಗಡಿಯವಳು, ತನಗೇ ಅರಿವಿಲ್ಲದಂತೆ, ಇಲ್ಲವೆಂದು ಕೈಯಲ್ಲಾಡಿಸಿದಳು.

"ಇಲ್ಲ. ಇನ್ನೂ ನೋಡಿಲ್ಲ."

ಅವನು ನಿರಾಳವಾಗಿ ಉಸಿರು ಬಿಟ್ಟದ್ದು ಕೇಳಿಸಿತು. "ಹಾಗಾದ್ರೆ ವಾಪಸ್ ತಂದ್ಬಿಡು."

ಕನ್ನಡಕದಂಗಡಿಯವಳು ತಾನೇ ಬಿಲ್ಲೆಯನ್ನು ಗೋಡೆಯಿಂದ ತೆಗೆದು ಕೊಟ್ಟಳು. ನರ್ಸು ಅದನ್ನು ಎದೆಗವಚಿಕೊಂಡು ಅರ್ಧ ಮೆಟ್ಟಿಲು ಇಳಿದವಳು ನಿಂತು ತಿರುಗಿದಳು.

"ನನ್ನ ಕೈಲಿ ಯಾಕಕ್ಕಾ ಹಾಗೆ ಹೇಳಿಸಿದ್ರಿ?"

"ಗೊತ್ತಿಲ್ಲಮ್ಮ," ಎಂದಳು ಇವಳು. "ಎರಡೂ ಕೈಲಿ ಹಿಡ್ಕೋ."