ಎಚ್ಚಿಂಗ್‌ನೊಳಗಿನ ಹೆಂಗಸು

ಬ್ರಿಸ್ಟಲ್‌ನ ಗ್ಯಾಲರಿಯೊಂದರಲ್ಲಿ ಗಂಡನ ಎಚ್ಚಿಂಗ್ ಚಿತ್ರಗಳ ಪ್ರದರ್ಶನ ಶುರುವಾದ ದಿನ ಎಡಿತ್ ಒಬ್ಬಳೇ ಬಂದಿದ್ದಳು. ಲಕ್ವ ಹೊಡೆದು ಅವನು ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದ. ಎರಡು ಗಂಟೆ ನೋಡಿಕೊಳ್ಳುತ್ತೇವೆಂದು ಪಕ್ಕದ ಮನೆಯವರು ಒಪ್ಪಿದ್ದರಿಂದ ಅವಳು ಹೊರಗೆ ಕಾಲಿಡುವಂತಾಗಿತ್ತು. ಬಂದವಳೇ ಬೆಂಚಿನ ಮೇಲೆ ಕುಸಿದು ಕೂತಳು.

ಎದುರಿಗೆ ಅವನ ಹೆಸರಾಂತ ಚಿತ್ರವಿತ್ತು. ತಾಮ್ರದ ತಗಡಿನ ಮೇಲೆ ಗೀರಿ, ಆಸಿಡ್‌ನಲ್ಲಿ ಅದ್ದಿ, ಕಾಗದಕ್ಕೆ ಅಚ್ಚು ಹಾಕಿದ ಐದಾರು ಕಪ್ಪು ಗೆರೆಗಳು. ಕಣ್ಣು ಮೂಗು ಏನೂ ಇಲ್ಲ, ಬಾಗಿದ ಒಂದು ಬೆನ್ನು ಅಷ್ಟೇ. ಅದು ತನ್ನ ಬೆನ್ನೆಂದೇ ಎಡಿತ್ ಇಷ್ಟು ವರ್ಷ ನಂಬಿದ್ದಳು.

ಅದರ ಮುಂದೆ ಅಪರಿಚಿತ ಹೆಂಗಸೊಬ್ಬಳು ನಿಂತು ಅಳುತ್ತಿದ್ದಳು.

"ಏನಾಯ್ತು?" ಎಂದು ಎಡಿತ್ ಕೇಳಿದಳು.

"ಇದು ನಾನು. ಅವರ ಸ್ಟುಡಿಯೋದಲ್ಲಿ ಎರಡು ವರ್ಷ ಹೀಗೇ ಕೂತಿದ್ದೆ. ಅವರ ಹೆಂಡತಿಗೆ ಗೊತ್ತಿಲ್ಲ."

"ನೀವು ಅವರನ್ನ ಪ್ರೀತಿಸ್ತಿದ್ರಾ?"

"ಈಗಲೂ. ಹುಷಾರಿಲ್ಲವಂತೆ. ಹೋಗಿ ನೋಡೋಕೆ ನನಗೆ ಯಾವ ಹಕ್ಕಿದೆ ಹೇಳಿ?"

ಎಡಿತ್ ಚಿತ್ರದಲ್ಲಿನ ಬೆನ್ನನ್ನು ಮತ್ತೊಮ್ಮೆ ನೋಡಿದಳು. ಸಿಟ್ಟು ಬರಬೇಕಿತ್ತು. ಅದಕ್ಕೆ ಬೇಕಾದಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಎದ್ದು ಹೋಗಿ, ಕೈಚೀಲದಿಂದ ಮನೆಯ ಬೀಗದ ಕೈ ತೆಗೆದು ಆ ಹೆಂಗಸಿನ ಅಂಗೈಯಲ್ಲಿಟ್ಟಳು.

"ಆ ಹೆಂಡತಿ ನಾನೇ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಬಂದುಬಿಡಿ. ಮೈ ಒರೆಸಿ, ಗಂಜಿ ಕುಡಿಸಿ. ನಾನು ಸ್ವಲ್ಪ ಮಲಗ್ತೀನಿ."